ಸಿಂಚನಳ ಹಳೆಯ ಹೆಸರು

ಭಾನುವಾರ ಬೆಳಿಗ್ಗೆ ಚಿತ್ರಾನ್ನಕ್ಕೆ ಒಗ್ಗರಣೆ ಬೀಳುವ ಹೊತ್ತಿಗೇ ವನಜಾಕ್ಷಿಯ ಮನೆಯಲ್ಲಿ ಮಾತಿಗೆ ಮಾತು ಬೆಳೆದಿತ್ತು. ಜಗಳಕ್ಕೆ ಕಾರಣ ಒಂದು ಹೆಸರು. ವನಜಾಕ್ಷಿಯ ಗಂಡ ಮಹಾಲಿಂಗಯ್ಯನವರು ಮಧುಗಿರಿಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು ಮೇಜು ಹಾಕಿಕೊಂಡು ಊರವರ ಪತ್ರ ಬರೆದುಕೊಡುವವರು. ಅವರ ಒಬ್ಬಳೇ ಮಗಳ ಮದುವೆಗೆ ಇನ್ನು ಆರು ವಾರವಿತ್ತು. ಗಂಡು ಶಿರಾದ ಹೈಸ್ಕೂಲು ಮೇಷ್ಟ್ರು, ಅನಿಲ್ ಕುಮಾರ್. ಅವನ ತಂಗಿ ನೆಂಟರಿಷ್ಟರಿಗೆ ಫೋನಿನಲ್ಲಿ ಕಳಿಸಲೆಂದು ಆಮಂತ್ರಣದ ವಿಡಿಯೊ ಮಾಡಿಸುತ್ತಿದ್ದಳು. ಅದರಲ್ಲಿ ಹುಡುಗ ಹುಡುಗಿಯ ಹೆಸರಿನ ಕೆಳಗೆ ಆಯಾ ಹೆಸರಿನ ಅರ್ಥವೂ ಬರಬೇಕಂತೆ. ಈಗಿನ ಕಾಲದಲ್ಲಿ ಮದುವೆಗಿಂತ ಮದುವೆಯ ಅಲಂಕಾರವೇ ದೊಡ್ಡದು, ಇರಲಿ.

"ಸಿಂಚನ," ಎಂದು ಮಗಳು ಫೋನು ನೋಡಿಕೊಂಡು ಓದಿದಳು. "ಅರ್ಥ, ಚಿಮುಕಿಸುವುದು, ತಂಪೆರೆಯುವುದು. ಮೂಲ, ಸಂಸ್ಕೃತ. ಜನಪ್ರಿಯತೆ, ಕರ್ನಾಟಕದಲ್ಲಿ ಬಹಳ ಹೆಚ್ಚು. ಅದಂತೂ ನಿಜ. ನನ್ನ ಕ್ಲಾಸಲ್ಲೇ ನಾಲ್ಕು ಜನ ಇದ್ವಿ. ಸಿಂಚನ ಎಂ. ಅಂತ ಕರೆದ್ರೂ ಇಬ್ರು ಎದ್ದು ನಿಲ್ತಿದ್ವಿ."

ಬಾಗಿಲ ಬಳಿ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಸಿದ್ದಗಂಗಮ್ಮ ತಲೆ ಎತ್ತಿದರು. "ಅದ್ರಾಗೆ ತಿಪ್ಪಮ್ಮ ಅಂತ ಹೊಡಿ, ಏನ್ ಬತ್ತೈತೆ ನೋಡಾನ."

ಮೊಮ್ಮಗಳು ನಗುತ್ತಲೇ ಹೊಡೆದಳು. "ಈ ಹೆಸರು ನಮ್ಮಲ್ಲಿಲ್ಲ ಅಂತಿದೆ ಅಜ್ಜಿ."

"ಇಲ್ವಂತಾ? ಪಾವಗಡದಲ್ಲಿ ನಿಂತ್ಕಂಡು ತಿಪ್ಪಮ್ಮಾ ಅಂತ ಕೂಗಿದ್ರೆ ಹಿರಿಯೂರ್ ಗಂಟ ಮನೆಗೊಬ್ಬಳು ಓ ಅಂತಾಳೆ. ನಿನ್ ಫೋನ್‌ಗೆ ಒಬ್ಬಳೂ ಸಿಗ್ಲಿಲ್ವಾ? ಲೇ ಮಾಲಿಂಗ, ಕಾರ್ಡ್‌ನಾಗೆ ತಿಪ್ಪಮ್ಮ ಉರುಫ್ ಸಿಂಚನ ಅಂತ ಹಾಕ್ಸು. ದಿನಾ ಊರ್‌ನೋರ್ದೆಲ್ಲ ಉರುಫ್ ಬರೀತೀಯ, ನಿನ್ ಮಗಳ್ದೂ ಒಂದು ಬರಿ."

ಮಹಾಲಿಂಗಯ್ಯ ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಹೆಂಡತಿ ತಾಯಿಯರ ನಡುವೆ ಸಿಕ್ಕಾಗಲೆಲ್ಲ ಅವರಿಗೆ ಪೇಪರಿನಲ್ಲಿ ಏನೋ ಬಹಳ ಮುಖ್ಯವಾದ ಸುದ್ದಿ ಕಂಡುಬಿಡುತ್ತಿತ್ತು.

"ಅತ್ತೆ, ಕೈ ಮುಗೀತೀನಿ, ಆ ಹೆಸರು ಎತ್ತಬೇಡಿ," ಎಂದಳು ವನಜಾಕ್ಷಿ ಒಲೆಯ ಮುಂದಿನಿಂದಲೇ. "ಶಿರಾದೋರು ಒಂದಕ್ಕೆ ಹತ್ತು ಕೇಳ್ತಾರೆ."

"ಕೇಳಿದ್ರೆ ಕೇಳ್ಲಿ ಬಿಡಮ್ಮ," ಎಂದಳು ಸಿಂಚನ. "ನಾಯಕನಹಟ್ಟಿ ತಿಪ್ಪೇಸ್ವಾಮಿ ಹರಕೆಗೆ ಇಟ್ಟ ಹೆಸರು ತಾನೆ? ದೇವರ ಹೆಸರಿಗೆ ಏನ್ ನಾಚಿಕೆ?"

ಸಿದ್ದಗಂಗಮ್ಮ ಅವರೆಕಾಯಿ ಬಿಟ್ಟು ಸೊಸೆಯನ್ನೇ ನೋಡಿದರು. ವನಜಾಕ್ಷಿ ಬಾಣಲೆಯಿಂದ ಕಣ್ಣು ಎತ್ತಲಿಲ್ಲ. ಹರಕೆಯ ಮಾತನ್ನು ಮಗಳ ತಲೆಗೆ ತುಂಬಿದವಳು ಅವಳೇ. ಮಗಳಿಗೆ ಆರು ವರ್ಷವಾಗಿದ್ದಾಗ ಹೇಳಿದ ಸುಳ್ಳು ಅದು. ಈ ಸೀಮೆಯಲ್ಲಿ ಸ್ವಾಮಿಯ ಹೆಸರಿಟ್ಟುಕೊಂಡವರು ಬೇಕಾದಷ್ಟು ಜನ ಇರುವುದರಿಂದ ಸುಳ್ಳಿಗೆ ಕಾಲು ಬಂದು ಇಪ್ಪತ್ತು ವರ್ಷದ ಹತ್ತಿರ ನಡೆದಿತ್ತು.

ಈ ತಿಪ್ಪಮ್ಮನ ಹೆಸರು ನಾಯಕನಹಟ್ಟಿಯಿಂದ ಬಂದದ್ದಲ್ಲ, ತಿಪ್ಪೆಯಿಂದಲೇ ಬಂದದ್ದು. ಆಗ ಅವರೆಲ್ಲ ಕೊಳಾಲದ ಪಕ್ಕದ ಹಳ್ಳಿಯಲ್ಲಿದ್ದರು. ವನಜಾಕ್ಷಿಯ ಮೊದಲ ಗಂಡು ಕೂಸು ಇಪ್ಪತ್ತನೆಯ ದಿನಕ್ಕೆ ಹೋಯಿತು. ಎರಡನೆಯ ಹೆಣ್ಣು ಮೂರು ತಿಂಗಳು ಇದ್ದು ಹೋಯಿತು. ಮೂರನೆಯದು ಹುಟ್ಟಿದಾಗ ಸಿದ್ದಗಂಗಮ್ಮ ಯಾರ ಮಾತನ್ನೂ ಕೇಳಲಿಲ್ಲ. ಒಂಬತ್ತನೆಯ ದಿನ ಮುಂಜಾನೆ ಕೂಸನ್ನು ಮೊರದಲ್ಲಿ ಮಲಗಿಸಿ ಮನೆಯ ಹಿಂದಿನ ತಿಪ್ಪೆಯ ಮೇಲೆ ಇಟ್ಟು ಬಂದರು. ಊರಾಚೆಯ ದಲಿತರ ಕಾಲೋನಿಯ ದೊಡ್ಡಕ್ಕನಿಗೆ ಹಿಂದಿನ ದಿನವೇ ಹೇಳಿಯಾಗಿತ್ತು. ಆರು ಹೆತ್ತು ಒಂದನ್ನೂ ಕಳೆದುಕೊಳ್ಳದ ಹೊಟ್ಟೆ ಅವಳದು, ಅದಕ್ಕೇ ಅವಳು. ಏನೂ ಗೊತ್ತಿಲ್ಲದವಳಂತೆ ಆ ದಾರಿಯಲ್ಲಿ ಬಂದ ದೊಡ್ಡಕ್ಕ, "ಅಯ್ಯೋ, ಯಾರ್ದೋ ಕೂಸು, ಬ್ಯಾಡ ಅಂತ ತಿಪ್ಪೆಗೆ ಎಸ್ದವ್ರೆ, ನಾನ್ ಸಾಕ್ಕಂತೀನಿ," ಎಂದು ಎತ್ತಿಕೊಂಡಳು. ಈ ಮನೆಯ ಮಕ್ಕಳನ್ನೇ ಹುಡುಕಿಕೊಂಡು ಬರುವ ಸಾವಿಗೆ ಇದು ಈ ಮನೆಯದಲ್ಲ ಎಂದು ನಂಬಿಸುವ ಉಪಾಯ. ಆಮೇಲೆ ಹೆತ್ತವಳು ಹೋಗಿ ಬೇಡಿ, ಒಂದು ಸೇರು ತೌಡು ಕೊಟ್ಟು ಕೂಸನ್ನು ಕೊಂಡುಕೊಳ್ಳಬೇಕು. ತೌಡಿಗೆ ಸಿಕ್ಕ ಕೂಸಿನ ಮೇಲೆ ಯಾವ ಕಣ್ಣು ಬಿದ್ದೀತು?

ಬಾಣಂತಿ ವನಜಾಕ್ಷಿ ತೌಡು ಹಿಡಿದು ಹಿತ್ತಲಿಗೆ ಬರುವುದು ತಡವಾಯಿತು. ಕೂಸು ಹಸಿದು ಕಿರುಚುತ್ತಿತ್ತು. ಮನೆಯಲ್ಲಿ ಹಾಲು ಕುಡಿಯುವ ಮಗುವಿದ್ದ ದೊಡ್ಡಕ್ಕ ತಿಪ್ಪೆಯ ಅಂಚಿನಲ್ಲೇ ಕೂತು ಸೆರಗು ಹೊದಿಸಿ ಎದೆಗೆ ಹಾಕಿಕೊಂಡಿದ್ದಳು. ವನಜಾಕ್ಷಿಗೆ ಮೊದಲು ಅಳು ನಿಂತಿತಲ್ಲ ಎಂದು ಸಮಾಧಾನವಾಯಿತು, ಹಿಂದೆಯೇ ಅಸಹ್ಯವಾಯಿತು, ಅಸಹ್ಯವಾಯಿತಲ್ಲ ಎಂದು ನಾಚಿಕೆಯಾಯಿತು. ಆ ಮೂರೂ ಅವಳಲ್ಲಿ ಇಂದಿಗೂ ಹಾಗೇ ಇದ್ದವು.

ಎತ್ತಿಕೊಂಡವಳೇ ಹೆಸರು ಇಡಬೇಕು. ಮುಂದೆ ಆ ಮಗುವಿನ ಮದುವೆಯಲ್ಲಿ ಎತ್ತಿಕೊಂಡವಳಿಗೆ ಸೀರೆ ಕೊಟ್ಟು, ಮೊದಲ ಅಕ್ಷತೆಯನ್ನು ಅವಳ ಕೈಯಿಂದಲೇ ಹಾಕಿಸಬೇಕು. ಆಮೇಲೆ ಉಳಿದವರು. ಇಷ್ಟು ಕರಾರು. ಕೂಸು ಬದುಕಿತು. ಮೂರು ವರ್ಷದವರೆಗೆ ಯುಗಾದಿಗೆ ದೊಡ್ಡಕ್ಕನ ಮನೆಗೆ ಹೋಳಿಗೆ ಹೋಯಿತು, ಆಮೇಲೆ ಹಿತ್ತಲ ಬಾಗಿಲಿಗೆ ಅವಳೇ ಬಂದು ಒಯ್ದಳು. ಸಂಸಾರ ಮಧುಗಿರಿಗೆ ಬಂದ ಮೇಲೆ ಅದೂ ನಿಂತಿತು. ಮಗಳನ್ನು ಶಾಲೆಗೆ ಸೇರಿಸುವಾಗ ಮಹಾಲಿಂಗಯ್ಯನವರೇ ಅಫಿಡವಿಟ್ ಬರೆದರು, ತಿಪ್ಪಮ್ಮ ಸಿಂಚನಳಾದಳು. "ಹೊಳೆ ದಾಟಿದ್ ಮ್ಯಾಲೆ ಅಂಬಿಗನ ಹಂಗೇನು," ಎಂದು ಅವತ್ತು ಸಿದ್ದಗಂಗಮ್ಮ ಊಟ ಬಿಟ್ಟು ಎದ್ದಿದ್ದರು.

ಈಗ ಅದೇ ಮುದುಕಿ ಅವರೆಕಾಳಿನ ಮೊರ ಪಕ್ಕಕ್ಕಿಟ್ಟು, "ಹೆಸ್ರು ಕಾರ್ಡ್‌ನಾಗೆ ಬ್ಯಾಡ ಅಂದ್ರೆ ಬುಡು. ಮೊದಲ್ನೇ ಕಾರ್ಡು ಮಾತ್ರ ದೊಡ್ಡಕ್ಕನಿಗೆ ಹೋಗ್ಬೇಕು. ಸೀರೆನೂವೆ," ಎಂದರು.

"ದೊಡ್ಡಕ್ಕ ಯಾರು?" ಎಂದಳು ಸಿಂಚನ.

"ಊರಲ್ಲಿ ನಿನ್ನ ಆಡಿಸಿದೋರು," ಎಂದು ವನಜಾಕ್ಷಿ ಬೇಗನೆ ಹೇಳಿದಳು. "ಆಯ್ತು ಅತ್ತೆ. ನಾನೇ ಹೋಗಿ ಕೊಟ್ಟು ಬರ್ತೀನಿ."

ಪೇಪರಿನ ಹಿಂದಿನಿಂದ, "ಕೊಡೋದು ಧರ್ಮ," ಎಂದು ಮಹಾಲಿಂಗಯ್ಯ ಒಂದು ಮಾತು ಉದುರಿಸಿದರು.

ವನಜಾಕ್ಷಿ ಕೆಟ್ಟವಳಲ್ಲ. ಆದರೆ ಹೆಣ್ಣು ನೋಡಲು ಬಂದ ದಿನ ಹುಡುಗನ ತಾಯಿ ಅಡುಗೆಮನೆಯವರೆಗೆ ಬಂದು, "ಪಾತ್ರೆ ತೊಳೆಯೋಕೆ ಯಾರಾದ್ರೂ ಬರ್ತಾರಾ? ಒಳಗೂ ಬಿಟ್ಕೊಳ್ತೀರಾ?" ಎಂದು ಕೇಳಿದ್ದು ಅವಳ ಕಿವಿಯಿಂದ ಹೋಗಿರಲಿಲ್ಲ. ಅಂಥ ಬೀಗಿತ್ತಿಯ ಎದುರು, ತುಂಬಿದ ಛತ್ರದಲ್ಲಿ, ಕಾಲೋನಿಯ ಹೆಂಗಸು ಮೊದಲ ಅಕ್ಷತೆ ಹಾಕುವುದು. ಯಾರಿವಳು ಎಂದು ಅವರು ಕೇಳುವುದು. ತಿಪ್ಪೆ, ತೌಡು, ಎದೆಹಾಲು ಎಲ್ಲ ಒಂದೊಂದಾಗಿ ಹೊರಬರುವುದು. ಮದುವೆ ಮುರಿದುಬಿದ್ದರೆ? ಮುರಿಯದೆ, ಶಿರಾದ ಆ ಮನೆಯಲ್ಲಿ ಮಗಳು ದಿನವೂ ಒಂದೊಂದು ಮಾತು ಕೇಳುವಂತಾದರೆ? ಹೀಗೆಲ್ಲ ಲೆಕ್ಕ ಹಾಕಿ ಅವಳು ಹಿಡಿ ಅನ್ನವೂ ಉಣ್ಣದೆ ಎದ್ದಳು.

ಸೀರೆಯನ್ನು ಸಿದ್ದಗಂಗಮ್ಮನೇ ಅಂಗಡಿಗೆ ಹೋಗಿ ಆರಿಸಿ ತಂದರು. ಹಸಿರು ಒಡಲು, ಕೆಂಪು ಅಂಚು. ಮೊಣಕಾಲು ನೋವಿನ ಮುದುಕಿ ಅಂಗಡಿಯ ಮೆಟ್ಟಿಲು ಹತ್ತಿದ್ದು ಅದೊಂದಕ್ಕೇ. "ಅವಳು ಕಪ್ಪಗವ್ಳೆ, ಹಸ್ರು ಒಪ್ತೈತೆ," ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದರು.

ಮುಂದಿನ ಗುರುವಾರ ವನಜಾಕ್ಷಿ ಒಂದು ಬ್ಯಾಗಿನಲ್ಲಿ ಕಾರ್ಡುಗಳ ಕಟ್ಟು, ಇನ್ನೊಂದರಲ್ಲಿ ಸೀರೆ ಹಿಡಿದು ಬಸ್ಸು ಹತ್ತಿದಳು. ಕೊಳಾಲದಲ್ಲಿ ಇಳಿದು, ಆಟೊದಲ್ಲಿ ಊರು ಸೇರಿ, ನೆಂಟರ ಮನೆಗಳಿಗೆಲ್ಲ ಹೋಗಿ ಕುಂಕುಮವಿಟ್ಟು ಕರೆದಳು. ಮನೆಮನೆಯಲ್ಲೂ ಕಾಫಿ. ಮಧ್ಯಾಹ್ನ ಓರಗಿತ್ತಿಯ ಮನೆಯಲ್ಲಿ ಉಂಡಳು. ಉಣ್ಣುವಾಗಲೂ ಬ್ಯಾಗನ್ನು ಕಾಲ ಬಳಿಯೇ ಇಟ್ಟುಕೊಂಡಿದ್ದಳು. ಕೊನೆಗೆ ಉಳಿದದ್ದು ಕಾಲೋನಿಯ ದಾರಿ. ಹಾಲಿನ ಡೇರಿಯ ಹತ್ತಿರ ನಿಂತು ಆ ಕಡೆ ನೋಡಿದಳು. ಇವತ್ತು ಬೇಡ, ಇನ್ನೊಂದು ಸಲ ಬಂದರಾಯಿತು ಎಂದುಕೊಂಡು ಹಿಂದಕ್ಕೆ ತಿರುಗಿದಳು.

ತಿರುಗಿದರೆ ಎದುರಿಗೇ ದೊಡ್ಡಕ್ಕ. ತಲೆಯ ಮೇಲೆ ಹುಲ್ಲಿನ ಹೊರೆ, ಬಾಯಿ ತುಂಬ ನಗು.

"ಅಯ್ಯ, ವನಜಮ್ಮಾರಾ! ಎಷ್ಟ್ ದಿನಾತು ನೋಡಿ! ಬ್ಯಾಗು ಗೀಗು ಏನ್ ಜೋರು? ನನ್ ಕೂಸು ಚೆಂದಾಗೈತಾ?"

"ಚೆನ್ನಾಗವಳೆ ದೊಡ್ಡಕ್ಕ. ಪಾವಗಡದ ಆಸ್ಪತ್ರೇಲಿ ಲ್ಯಾಬ್ ಕೆಲಸ."

"ಸೂಜಿ ಚುಚ್ಚಿ ರಕ್ತ ತೆಗೆಯೋ ಕೆಲ್ಸಾನಾ? ಅಯ್ಯಪ್ಪ! ಮದ್ವೆ ಯಾವಾಗ ಮಾಡ್ತೀರಾ ಅಮ್ಮಾವ್ರೆ? ಇಪ್ಪತ್ತೈದು ಆತಲ್ಲ. ನಂಗೂ ವಯಸ್ಸಾಯ್ತೈತೆ, ಅಕ್ಷತೆ ಹಾಕಾಕೆ ಕೈ ಆಡ್ಬೇಕಲ್ಲ."

ಬ್ಯಾಗಿನಲ್ಲಿ ಕಾರ್ಡು ಇತ್ತು. ಕೈ ಹಾಕಿದರೆ ಸಿಗುತ್ತಿತ್ತು. "ಇನ್ನೂ ಗೊತ್ತಾಗಿಲ್ಲ ದೊಡ್ಡಕ್ಕ," ಎಂದಳು ವನಜಾಕ್ಷಿ. "ನೋಡ್ತಾ ಇದೀವಿ. ಗೊತ್ತಾದ್ರೆ ಹೇಳ್ದೆ ಇರ್ತೀವಾ?"

"ಅದು ಸರಿ ಅನ್ನಿ," ಎಂದಳು ದೊಡ್ಡಕ್ಕ. ಅವಳ ಕಣ್ಣು ಬ್ಯಾಗಿನ ಬಾಯಲ್ಲಿ ಇಣುಕುತ್ತಿದ್ದ ಹಳದಿ ಕಾರ್ಡುಗಳ ಮೇಲೆ ಒಂದು ಗಳಿಗೆ ಇದ್ದು ಬಂತೋ, ವನಜಾಕ್ಷಿಗೇ ಹಾಗೆ ಅನ್ನಿಸಿತೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪಾಡೇ ಅದು.

ಮನೆಗೆ ಬಂದಾಗ ಸಿದ್ದಗಂಗಮ್ಮ ಬಾಗಿಲಲ್ಲೇ ಕಾದಿದ್ದರು. "ಕೊಟ್ಯಾ? ಸೀರೆ ನೋಡಿ ಏನಂದ್ಲು?"

"ಕೊಟ್ಟೆ ಅತ್ತೆ. ಖುಷಿಪಟ್ಟಳು."

"ಉಟ್ಕಂಡು ನೋಡಿದ್ಲಾ?"

"ಹೆಗಲ ಮೇಲೆ ಹಾಕ್ಕೊಂಡು ನೋಡಿದ್ಲು," ಎಂದಳು ವನಜಾಕ್ಷಿ. ಸುಳ್ಳಿನ ಗುಣವೇ ಹಾಗೆ, ಒಂದು ಹೇಳಿದರೆ ಇನ್ನೊಂದು ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತದೆ. ಸೀರೆಯನ್ನು ಅವಳು ಬೀರುವಿನ ಕೆಳಗಿನ ಖಾನೆಯಲ್ಲಿ ಹಳೆಯ ಬೆಡ್‌ಶೀಟುಗಳ ಅಡಿಗೆ ತಳ್ಳಿದಳು.

ಆಮೇಲಿನ ಮೂರು ವಾರ ಅವಳ ಕೈಯಡುಗೆಗೆ ಏನೋ ಬಡಿಯಿತು. ಸಾರಿಗೆ ಎರಡೆರಡು ಸಲ ಉಪ್ಪು ಬಿತ್ತು. ಹಪ್ಪಳ ಕರಿಯಲು ಹೋಗಿ ಎಣ್ಣೆ ಹೊಗೆಯಾಡುವವರೆಗೆ ನಿಂತಿದ್ದಳು. ಮಹಾಲಿಂಗಯ್ಯನವರು ಬಾಯಿಗಿಟ್ಟ ತುತ್ತನ್ನು ನುಂಗಲೂ ಆಗದೆ ಉಗುಳಲೂ ಆಗದೆ, "ಮದುವೆ ಟೆನ್ಶನ್ನು," ಎಂದು ತಾವೇ ಸಮಜಾಯಿಷಿ ಕೊಟ್ಟುಕೊಂಡರು. ಸಿದ್ದಗಂಗಮ್ಮ ಮಾತ್ರ ಹತ್ತು ವರ್ಷ ಚಿಕ್ಕವರಾದಂತೆ ಓಡಾಡಿದರು. ಬಂದವರಿಗೆಲ್ಲ, "ನಮ್ ಸೊಸೆ ಅಲ್ಲಿಗಂಟ ಹೋಗಿ ಕರ್ದು ಬಂದ್ಲು ಕಣಮ್ಮ. ನಾನು ಅವಳ್ನ ಸುಮ್ನೆ ಬೈಕಂತಿದ್ದೆ," ಎಂದು ಹೇಳುತ್ತಿದ್ದರು. ಒಂದು ದಿನ ಅತ್ತೆ ತಮ್ಮ ತಟ್ಟೆಯ ತುಪ್ಪವನ್ನು ಸೊಸೆಯ ಮುದ್ದೆಗೆ ಬಡಿಸಿ, "ಉಣ್ಣವ್ವ, ಸೊರಗೋಗಿದೀಯ," ಎಂದರು. ಇಪ್ಪತ್ತೆಂಟು ವರ್ಷದಲ್ಲಿ ಅತ್ತೆ ತುಪ್ಪ ಬಡಿಸಿದ್ದು ಅದೇ ಮೊದಲು. ವನಜಾಕ್ಷಿ ನೀರು ತರುವ ನೆವದಲ್ಲಿ ಎದ್ದು ಹೋಗಿ ನಲ್ಲಿಯ ಮುಂದೆ ನಿಂತು ಅತ್ತಳು.

ಹೇಳಿಬಿಡಬೇಕೆಂದು ಎರಡು ಸಲ ಹೊರಟಳು. ಒಂದು ಸಲ ಶಿರಾದಿಂದ ಬೀಗರು ಬಂದರು. ಇನ್ನೊಂದು ಸಲ ಯಾರೂ ಬರಲಿಲ್ಲ, ಅವಳಿಗೇ ಧೈರ್ಯ ಬರಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ. ಮದುವೆಗೆ ಇನ್ನು ಹನ್ನೆರಡು ದಿನ. ಸಿಂಚನ ರಜೆ ಹಾಕಿ ಮನೆಗೆ ಬಂದಿದ್ದಳು. ಸಂಜೆ ಮಹಾಲಿಂಗಯ್ಯನವರು ಕಚೇರಿಯಿಂದ ಬಂದು ಕೈಕಾಲು ತೊಳೆದು ಮುದ್ದೆಯ ಮುಂದೆ ಕೂತರು.

"ಇವತ್ತು ದೊಡ್ಡಕ್ಕ ಬಂದಿದ್ಲು," ಎಂದರು.

ವನಜಾಕ್ಷಿಯ ಕೈಯಲ್ಲಿದ್ದ ಸೌಟು ಸಾರಿನ ಪಾತ್ರೆಯೊಳಕ್ಕೆ ಜಾರಿತು.

"ಅವಳ ಮಗ ಭೀಮರಾಜು ಸೈಟಿನ ಪತ್ರ ಬರೆಸೋಕೆ ಅಂತ ಕರ್ಕೊಂಡು ಬಂದಿದ್ದ. ನಾನು ನೋಡಿ, ಏನ್ ದೊಡ್ಡಕ್ಕ, ರವಿಕೆ ಹೊಲಿಸ್ಕೊಂಡ್ಯಾ, ಎರಡು ದಿನ ಮುಂಚೆನೇ ಬಂದ್ಬಿಡು ಛತ್ರಕ್ಕೆ, ಅಂದೆ. ಒಂದು ಗಳಿಗೆ ಸುಮ್ನೆ ನಿಂತಿದ್ಲು. ಆಮೇಲೆ ನಕ್ಕಳು."

"ಏನಂದ್ಲು?" ಎಂದರು ಸಿದ್ದಗಂಗಮ್ಮ.

"ಹೂಂ ಸ್ವಾಮಿ, ಅಮ್ಮಾವ್ರು ಮನೆಗಂಟ ಬಂದು, ಒಳಗೆ ಕೂತು, ನಮ್ ಮನೆ ಕಾಫಿ ಕುಡ್ದು, ಕುಂಕುಮ ಇಟ್ಟು ಕರ್ದು ಹೋದ್ರು ಅಂದ್ಲು. ಸೀರೆ ಬೋ ಚೆಂದ ಐತೆ ಅಂದ್ಲು. ನೀನು ಅವಳ ಮನೇಲಿ ಕಾಫಿ ಕುಡಿದಿದ್ದು ನಂಗೆ ಹೇಳೇ ಇಲ್ವಲ್ಲ ವನಜಾ? ಒಳ್ಳೇದಾಯ್ತು ಬಿಡು. ನಂಗೆ ನಿಜವಾಗ್ಲೂ ಹೆಮ್ಮೆ ಆಯ್ತು."

ವನಜಾಕ್ಷಿ ಸಾರಿನೊಳಗಿನಿಂದ ಸೌಟು ಎತ್ತಿಕೊಂಡಳು. ದೊಡ್ಡಕ್ಕ ಅಲ್ಲೇ, ಹತ್ತು ಜನರ ಮುಂದೆ, "ನಂಗ್ಯಾರೂ ಹೇಳಿಲ್ಲ ಸ್ವಾಮಿ," ಎಂದು ಒಂದೇ ಮಾತು ಅಂದಿದ್ದರೆ ಸಾಕಿತ್ತು. ಬೈದಿದ್ದರೂ ತಡೆದುಕೊಳ್ಳಬಹುದಿತ್ತು. ಆದರೆ ಅವಳು ವನಜಾಕ್ಷಿಯ ಮಾನ ಕಾದಿದ್ದಳು, ಅದೂ ವನಜಾಕ್ಷಿ ಎಂದೂ ಮಾಡದ ಒಳ್ಳೆಯತನವನ್ನು ಅವಳ ತಲೆಗೆ ಕಟ್ಟಿ. ಒಳಗೆ ಕೂತು ಕಾಫಿ ಕುಡಿದಳಂತೆ. ಅಷ್ಟು ದೊಡ್ಡದನ್ನು ವನಜಾಕ್ಷಿಯ ಸುಳ್ಳೂ ಹೇಳಿರಲಿಲ್ಲ.

"ಅಜ್ಜಿ, ಆಡಿಸಿದೋರಿಗೆ ಸೀರೆ, ಎರಡು ದಿನ ಮುಂಚೆ ಬನ್ನಿ ಅನ್ನೋದು, ಇಷ್ಟೆಲ್ಲ ಯಾಕೆ?" ಎಂದಳು ಸಿಂಚನ. "ಯಾರವರು ನಿಜವಾಗಿ?"

ಸಿದ್ದಗಂಗಮ್ಮ ಸೊಸೆಯ ಕಡೆ ನೋಡಿದರು. ಸೊಸೆ ಬೇಡ ಎನ್ನಲಿಲ್ಲ. ಬೇಡ ಎನ್ನುವ ಬಾಯಿ ಅವಳಿಗೆ ಉಳಿದಿರಲಿಲ್ಲ. ಮುದುಕಿ ಎಲ್ಲವನ್ನೂ ಹೇಳಿದರು, ಸತ್ತ ಎರಡು ಕೂಸು, ಮೊರ, ತಿಪ್ಪೆ, ತೌಡು, ಹಾಲು. ಮುದ್ದೆ ತಣ್ಣಗಾಯಿತು.

ಸಿಂಚನ ಬಹಳ ಹೊತ್ತು ತಟ್ಟೆಯಲ್ಲೇ ಬೆರಳಾಡಿಸಿದಳು. "ನಂಗಿಂತ ಮುಂಚೆ ಇಬ್ರು ಇದ್ರು ಅಂತಾನೂ ನಂಗೆ ಗೊತ್ತಿರ್ಲಿಲ್ಲ," ಎಂದಳು. ಆಮೇಲೆ, "ಹರಕೆ ಅಂದ್ಯಲ್ಲಮ್ಮ ನೀನು. ಆ ದೇವಸ್ಥಾನಕ್ಕೆ ಪ್ರತಿ ವರ್ಷ ಹೋಗಿ ಕೈ ಮುಗಿದು ಬಂದಿದೀನಿ ನಾನು."

"ಸ್ಕೂಲಲ್ಲಿ ಮಕ್ಕಳು ಆಡ್ಕೊಳ್ತಾರೆ ಅಂತ ಸಿಂಚು..."

"ಸ್ಕೂಲ್ ಮುಗಿದು ಎಷ್ಟು ವರ್ಷ ಆಯ್ತಮ್ಮ?"

ಮಹಾಲಿಂಗಯ್ಯನವರು ಪೇಪರಿಗಾಗಿ ಸುತ್ತ ನೋಡಿದರು. ಊಟದ ಹೊತ್ತಿನಲ್ಲಿ ಪೇಪರು ಎಲ್ಲಿರುತ್ತದೆ, ಸಿಗಲಿಲ್ಲ.

"ನಾಳೆ ನಾನು ಅವರನ್ನ ನೋಡ್ಬೇಕು," ಎಂದಳು ಸಿಂಚನ. "ನೀನು ಕರೆದು ಬಂದಿರ್ಬಹುದು. ನಾನು ಕರೆದಿಲ್ಲ."

ಬೆಳಿಗ್ಗೆ ಸಿಂಚನ ಸ್ನಾನಕ್ಕೆ ಹೋದಾಗ ವನಜಾಕ್ಷಿ ಬೆಡ್‌ಶೀಟುಗಳ ಅಡಿಯಿಂದ ಸೀರೆ ತೆಗೆದು ತನ್ನ ಬ್ಯಾಗಿನ ತಳಕ್ಕೆ ಹಾಕಿಕೊಂಡಳು. ಯಾಕೆ ಹಾಕಿಕೊಂಡೆ ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಮಗಳ ಕಣ್ಣು ತಪ್ಪಿಸಿ ದೊಡ್ಡಕ್ಕನ ಕೈಗಿಟ್ಟು ಬಂದರಾಯಿತು ಎಂಬ ಆಸೆಯೂ ಇತ್ತು ಎನ್ನಬೇಕು. ತಾಯಂದಿರೂ ಮನುಷ್ಯರೇ. ಬಸ್ಸಿನಲ್ಲಿ ಮಗಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

ಕಾಲೋನಿಯಲ್ಲಿ ದೊಡ್ಡಕ್ಕನದು ಹಸಿರು ಬಣ್ಣ ಬಳಿದ ಶೀಟಿನ ಮನೆ. ಅಂಗಳದಲ್ಲಿ ಕೋಳಿಗಳಿದ್ದವು. ಹುಣಸೆಹಣ್ಣು ಬಿಡಿಸುತ್ತ ಕೂತಿದ್ದ ದೊಡ್ಡಕ್ಕ ಸಿಂಚನಳನ್ನು ಕಂಡು ಎದ್ದು ನಿಂತಳು. ಯಾರೆಂದು ಯಾರೂ ಹೇಳಬೇಕಾಗಲಿಲ್ಲ. ಕೈಯನ್ನು ಸೆರಗಿಗೆ ಒರೆಸಿಕೊಂಡು, ಮುಟ್ಟಲೋ ಬೇಡವೋ ಎಂದು ನಿಂತವಳ ಎರಡೂ ಕೈಯನ್ನು ಸಿಂಚನಳೇ ಹಿಡಿದುಕೊಂಡಳು.

"ನನ್ನ ಮದುವೆಗೆ ನೀವು ಬರ್ಬೇಕು," ಎಂದು ಕಾರ್ಡು ಕೊಟ್ಟಳು. ಆ ಅಂಗಳದಲ್ಲಿ ದೊಡ್ಡಕ್ಕನನ್ನು ಊರಿನ ಕಡೆಯವರು ಯಾರಾದರೂ ನೀವು ಎಂದದ್ದು ಅದೇ ಮೊದಲಿರಬೇಕು.

"ನಿಮ್ಮಮ್ಮ ಆಗ್ಲೇ ಕರ್ದವ್ರಲ್ಲ ಕೂಸೇ," ಎಂದಳು ದೊಡ್ಡಕ್ಕ, ವನಜಾಕ್ಷಿಯ ಕಡೆ ನೋಡದೆಯೇ. "ಇಲ್ಲೇ, ನಮ್ ಮನೆ ಒಳಗೇ ಕೂತಿದ್ರು."

"ಹೌದಾ? ಆ ಸೀರೆ ತೋರಿಸಿ. ಅಜ್ಜಿ ನಿಮಗೆ ಹಸಿರು ಒಪ್ಪುತ್ತೆ ಅಂತಿದ್ರು."

ದೊಡ್ಡಕ್ಕ ಒಂದು ಗಳಿಗೆ ತಡವರಿಸಿದಳು. "ರವಿಕೆ ಹೊಲ್ಯಾಕೆ ಕೊಟ್ಟಿವ್ನಿ, ಸೀರೆನೂ ಅಲ್ಲೇ ಐತೆ."

ಅಷ್ಟಕ್ಕೆ ಮುಗಿಸಬಹುದಿತ್ತು. ದೊಡ್ಡಕ್ಕ ಬಾಗಿಲು ಮುಚ್ಚಿ ಕೊಟ್ಟಿದ್ದಳು, ವನಜಾಕ್ಷಿ ಸುಮ್ಮನೆ ನಿಂತಿದ್ದರೆ ಸಾಕಿತ್ತು. ಮಗಳ ಮುಂದೆ ಒಳ್ಳೆಯ ತಾಯಿಯಾಗಿಯೇ ಮನೆಗೆ ಹೋಗಬಹುದಿತ್ತು. ಆದರೆ ಇನ್ನೊಬ್ಬಳು ತನಗಾಗಿ ಮೂರನೆಯ ಸುಳ್ಳು ಹುಡುಕುವುದನ್ನು ನೋಡುತ್ತ ನಿಲ್ಲಲು ಅವಳಿಂದ ಆಗಲಿಲ್ಲ. ಬ್ಯಾಗಿಗೆ ಕೈ ಹಾಕಿ ಸೀರೆ ತೆಗೆದಳು.

"ನಾನು ಕರೆದಿರ್ಲಿಲ್ಲ ಸಿಂಚು," ಎಂದಳು. "ಅವತ್ತು ಇವಳು ಎದುರಿಗೇ ಸಿಕ್ಕಿದ್ಲು. ಬಾಯಿ ಬಿಟ್ಟು ಕೇಳಿದ್ಲು. ಕಾರ್ಡು ಕೈಯಲ್ಲೇ ಇತ್ತು. ಮದುವೆ ಇನ್ನೂ ಗೊತ್ತಾಗಿಲ್ಲ ಅಂದೆ. ಅಜ್ಜಿಗೂ ಸುಳ್ಳು ಹೇಳಿದೆ, ನಿಮ್ಮಪ್ಪನಿಗೂ."

ಸಿಂಚನ ತಾಯಿಯ ಕಡೆ ತಿರುಗಿ ನೋಡಿದಳು.

"ನಾನ್ ಮುಚ್ಚಿದ್ನಲ್ಲ ಅಮ್ಮಾವ್ರೆ," ಎಂದಳು ದೊಡ್ಡಕ್ಕ ಬೇಸರದಿಂದ. "ನೀವ್ಯಾಕೆ ತೆಗೆದ್ರಿ? ಗಂಡನ ಮನೆಗೋಗೋ ಹುಡ್ಗಿ ಮುಂದೆ ಹೇಳೋ ಮಾತಾ ಇದು?"

"ತಪ್ಪಾಯ್ತು ದೊಡ್ಡಕ್ಕ."

"ಸೀರೆ ಕೊಡಿ ಇಲ್ಲಿ. ಅದು ನನ್ ಹಕ್ಕು, ಈಸ್ಕಂತೀನಿ." ಸೀರೆಯನ್ನು ತೆಗೆದುಕೊಂಡು ಅಂಚು ಸವರಿ ನೋಡಿದಳು. "ಹೆಚ್ಚಿಗೆ ಬೆಲೇದೇ ತಂದವ್ರೆ ಮುದುಕಮ್ಮ."

"ನೀವು ಬರ್ಲೇಬೇಕು," ಎಂದಳು ಸಿಂಚನ. "ಮೊದಲ ಅಕ್ಷತೆ ನಿಮ್ಮದೇ. ನೀವು ಬರೋ ತನಕ ನಾನು ತಾಳಿ ಕಟ್ಟಿಸ್ಕೊಳಲ್ಲ."

ದೊಡ್ಡಕ್ಕ ಹುಡುಗಿಯ ಕಡೆಯಿಂದ ತಾಯಿಯ ಕಡೆ ತಿರುಗಿದಳು. ಕೋಪವಿರಲಿಲ್ಲ, ಸಂತೆಯಲ್ಲಿ ಸಾಮಾನಿನ ಬೆಲೆ ಕೇಳುವಷ್ಟೇ ಸಲೀಸಾಗಿ ಕೇಳಿದಳು. "ಬತ್ತೀನಿ. ಊಟಕ್ಕೆ ನನ್ನ ಎಲ್ಲಿ ಕೂರಿಸ್ತೀರಾ ಅಮ್ಮಾವ್ರೆ?"

ವನಜಾಕ್ಷಿಗೆ ಛತ್ರದ ಊಟದ ಮನೆ ಕಂಡಿತು. ಮೊದಲ ಸಾಲು ಕಂಡಿತು, ಅಲ್ಲಿ ಎಲೆಯ ಮುಂದೆ ಕೂತ ಬೀಗಿತ್ತಿಯ ಮುಖ ಕಂಡಿತು, ಆ ಮುಖ ನಿಧಾ‌ನವಾಗಿ ಈ ಕಡೆ ತಿರುಗುವುದು ಕಂಡಿತು.

"ನನ್ನ ಪಕ್ಕದಲ್ಲೇ," ಎಂದಳು.

ಅಂದದ್ದು ನಿಜ. ಮನಸ್ಸಿನಿಂದಲೇ ಅಂದಳು. ಆದರೆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಒಂದು ಕೋಳಿ ಅಂಗಳದ ಈ ತುದಿಯಿಂದ ಆ ತುದಿಗೆ ಮೇಯುತ್ತ ಹೋಗಿತ್ತು.

ದೊಡ್ಡಕ್ಕ ನಕ್ಕಳು. ಅದರಲ್ಲಿ ಕುಹಕವಿರಲಿಲ್ಲ, ಅದೇ ವನಜಾಕ್ಷಿಗೆ ಹೆಚ್ಚು ಚುಚ್ಚಿತು. "ಬ್ಯಾಡ ಬುಡಿ," ಎಂದು ಒಳಗೆ ಹೋದಳು. ಹಿಡಿ ಅಕ್ಕಿಗೆ ಅರಿಶಿನ ಕಲಸಿ ತಂದಳು.

"ಮೊದಲ್ನೇ ಅಕ್ಷತೆ ತಾನೆ ನಂದು? ಇಲ್ಲೇ ಹಾಕ್ತೀನಿ. ಇದಕ್ಕಿಂತ ಮೊದ್ಲು ಯಾರೂ ಹಾಕಿಲ್ವಲ್ಲ." ಸಿಂಚನ ಬಗ್ಗಿ ಅವಳ ಕಾಲು ಮುಟ್ಟಿದಳು. ವನಜಾಕ್ಷಿ ತಡೆಯಲಿಲ್ಲ. ದೊಡ್ಡಕ್ಕ ಅಕ್ಕಿಯನ್ನು ಆ ಬಗ್ಗಿದ ತಲೆಯ ಮೇಲೆ ಹಾಕಿ, "ತಿಪ್ಪಮ್ಮ, ನೂರ್ ಕಾಲ ಬಾಳವ್ವ. ನಿನ್ನ ಯಾರೂ ಬ್ಯಾಡ ಅಂತ ಎಸ್ದಿರ್ಲಿಲ್ಲ, ಅದೆಲ್ಲ ಸುಳ್ಳಾಡಿದ್ದು, ತಿಳ್ಕೋ. ಬದುಕ್ಲಿ ಅಂತಲೇ ಇಕ್ಕಿದ್ರು. ನಿಮ್ಮಮ್ಮ ತೌಡು ತಂದು ನನ್ ಕಾಲಿಗೆ ಬಿದ್ದು ಅತ್ಕಂಡು ಕೇಳಿದ್ಲು," ಎಂದಳು.

ವನಜಾಕ್ಷಿಗೆ ಅದು ಮರೆತೇಹೋಗಿತ್ತು. ಹೌದು, ಕಾಲಿಗೆ ಬಿದ್ದಿದ್ದಳು. ಆಗ ಒಂದು ಕ್ಷಣವೂ ಯೋಚಿಸಿರಲಿಲ್ಲ.

ಇಬ್ಬರೂ ರಸ್ತೆಗೆ ಬಂದು ಬಸ್ಸು ನಿಲ್ಲುವ ಕಡೆ ಬೇವಿನ ಮರದ ಕೆಳಗೆ ನಿಂತರು. ಸಿಂಚನಳ ಕೂದಲಲ್ಲಿ ಹಳದಿ ಅಕ್ಕಿಕಾಳು ಅಲ್ಲಲ್ಲಿ ಸಿಕ್ಕಿಕೊಂಡಿತ್ತು. ತೆಗೆಯಲು ವನಜಾಕ್ಷಿಯ ಕೈ ಎದ್ದಿತು, ಮಗಳು ತಲೆಯನ್ನು ಮೆಲ್ಲಗೆ ಆಚೆಗೆ ಸರಿಸಿದಳು.

"ಇವತ್ತು ನಿಜ ಹೇಳಿದ್ಯಲ್ಲಮ್ಮ, ಅದಕ್ಕೆ ನಾನೇನೂ ಅನ್ನಲ್ಲ," ಎಂದಳು.

ವನಜಾಕ್ಷಿ ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು.

"ಆದ್ರೆ ಎಲ್ಲಿ ಕೂರಿಸ್ತೀರಾ ಅಂತ ಅವರು ಕೇಳಿದಾಗ, ಹೇಳೋಕೆ ಅಷ್ಟು ಹೊತ್ತು ಯಾಕೆ ಬೇಕಾಯ್ತಮ್ಮ ನಿಂಗೆ?"

ವನಜಾಕ್ಷಿ ಬಸ್ಸು ಬರುವ ದಾರಿಯ ಕಡೆ ನೋಡಿದಳು. ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.